ಎಡಗಿವಿಯ ಸದ್ದು

ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಎಡಗಿವಿಯಲ್ಲಿ ಕೀಂ ಎನ್ನುವ ಸದ್ದು ಶುರುವಾಗಿ ಎಷ್ಟೋ ತಿಂಗಳಾಗಿದ್ದರೂ ನಾನದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ದಿನ ತಂಗಿ ಫೋನ್ ಮಾಡಿದಳು. ಎಡಗಿವಿಗೆ ಹಿಡಿದರೆ ಮಾತೇ ಇಲ್ಲ. ಫೋನ್ ಕೆಟ್ಟಿದೆ ಎಂದುಕೊಂಡು ಬಲಗಿವಿಗೆ ಹಿಡಿದೆ. ಆಕೆ ಆಗಲೇ ಬೈಯತೊಡಗಿದ್ದಳು.

ಅತ್ತೆ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟರು. ಗಂಡ ನಕ್ಕ. "ದಿನಾ ಬಸ್ಸಿನ ಗದ್ದಲದಾಗ ಇರ್ತಿ, ಕಿವಿ ಗುಂಯ್ ಅನ್ನದ ಏನು ಮಾಡತೈತಿ?"

"ಗದ್ದಲ ಎರಡೂ ಕಿವಿಗೆ ಬೀಳತೈತಿ. ಒಂದ ಕಿವಿ ಯಾಕ ಒದರಾಕತ್ತೈತಿ?" ಎಂದೆ.

ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ನೆಲ ಓಲಾಡಿದಂತಾಗಿ ಬಾಗಿಲಿನ ಕಂಬಿ ತಬ್ಬಿ ನಿಂತೆ. ಮರುದಿನ ಯಾರನ್ನೂ ಕೇಳದೆ ರಜೆ ಹಾಕಿ ಲಿಂಗಸುಗೂರಿನ ಕಿವಿ ಡಾಕ್ಟರ ಬಳಿ ಹೋದೆ. ಅವರು ಎರಡೂ ಕಿವಿ ಪರೀಕ್ಷಿಸಿ, "ಕಿವಿ ಗುಂಯ್ ಅಂದವರಿಗೆಲ್ಲಾ ಗಡ್ಡಿ ಇರಂಗಿಲ್ಲಮ್ಮ. ಆದ್ರ ನಿಮಗ ಒಂದ ಕಡೆ ಸದ್ದು, ಅದ ಕಿವಿ ಮಂದ ಆಗೈತಿ, ಜೋಲಿ ಬ್ಯಾರೆ ಹೊಡಿತೈತಿ. ಸ್ಕ್ಯಾನ್ ಮಾಡಸ್ರಿ" ಎಂದರು.

ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಡ್ಡೆ ಇತ್ತು. ಕ್ಯಾನ್ಸರ್ ಅಲ್ಲ, ಆದರೆ ಬೆಳೆದು ಮಿದುಳನ್ನು ಒತ್ತುತ್ತಿದೆ ಎಂದರು. ಗಂಡ ಅತ್ತ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಕಿವಿ ಮತ್ತೆ ಕೇಳುವುದಿಲ್ಲ, ಮುಖ ಸೊಟ್ಟಾಗಬಹುದು ಎಂದು ಆಪರೇಷನ್ನಿಗೆ ಮೊದಲೇ ತಿಳಿಸಿದ್ದರು. ಎರಡೂ ಆದವು. ಸದ್ದು ಮಾತ್ರ ಹೋಗಲಿಲ್ಲ. ಇರಲಿ, ಗಡ್ಡೆ ಹೋಯಿತಲ್ಲ.

ಡಿಪೋದಲ್ಲಿ ಸಾಹೇಬರು ಕರುಣೆಯಿಂದಲೇ ಹೇಳಿದರು: "ಮುಖ ಹಿಂಗ ಆಗೈತಿ, ಮಂದಿ ಮುಂದ ಯಾಕ? ಆಫೀಸಿನ್ಯಾಗ ಕುಂದ್ರವ್ವಾ."

"ಮುಖ ನಂದು ರೀ. ನೋಡಾಕ ಆಗದವರು ಕಿಟಕಿ ಹೊರಗ ನೋಡ್ಲಿ. ಡಾಕ್ಟರ್ ಕೆಲಸಕ್ಕ ಹೋಗು ಅಂದಾರ, ನಾ ಬಸ್ ಹತ್ತಾಕಿ."

ಹತ್ತಿದೆ. ಮೊದಲ ದಿನವೇ ಸಾಲಗುಂದದ ಒಬ್ಬ ಅಜ್ಜಿ ನನ್ನನ್ನು ದಿಟ್ಟಿಸಿ, "ಬಾಯಿ ಯಾಕ ಸೊಟ್ಟ ಆಗೈತಿ ಯವ್ವಾ?" ಎಂದಳು.

"ತಲ್ಯಾಗ ಗಡ್ಡಿ ಇತ್ತಬೇ, ತಗಸೀನಿ. ಈಗ ನಿನ್ನ ಆಧಾರ್ ಕಾರ್ಡ್ ತೋರಸು."

ಅಜ್ಜಿ ಸೆರಗಿನ ಗಂಟು ಬಿಚ್ಚುತ್ತಲೇ ಪಕ್ಕದವಳನ್ನು ಒತ್ತರಿಸಿ ಜಾಗ ಮಾಡಿದಳು. "ಗಳಿಗಿ ಕುಂದ್ರು, ದಣದಿ."

"ಊರು ಬಂದಮ್ಯಾಲೆ ಕುಂದ್ರತೀನಿ" ಎಂದು ಹಿಂದಿನ ಸೀಟುಗಳತ್ತ ನಡೆದೆ.