ಎಳ್ಳಮಾವಾಸ್ಯೆಗೂ ಮೊದಲಿನ ಕಡಲೆ ಹುಳಿ

ನಮ್ಮ ಅತ್ತೆಗೆ ಕಡಲೆ ಹುಳಿಯೆಂದರೆ ಪ್ರಾಣ. ಚಳಿಗಾಲದಲ್ಲಿ ಹೂಬಿಟ್ಟ ಕಡಲೆ ಗಿಡದ ಎಲೆಗಳು ಹುಳಿ ಸೂಸುತ್ತವೆ. ಸಂಜೆ ಗಿಡಗಳ ಮೇಲೆ ತೆಳುವಾದ ಬಿಳಿ ಧೋತರ ಹಾಸಿ, ಬೆಳಗ್ಗೆ ಬಿಸಿಲೇರುವ ಮೊದಲು ಇಬ್ಬನಿ ಸಮೇತ ಹಿಂಡಿದರೆ ಬೋಗುಣಿಯ ತಳದಲ್ಲಿ ತುಸು ಹುಳಿ ಸಿಗುತ್ತದೆ. ಅದನ್ನು ಶೀಶೆಯಲ್ಲಿ ತುಂಬಿಟ್ಟು, ಹೊಟ್ಟೆನೋವೆಂದು ಬಂದವರಿಗೆಲ್ಲ ವರ್ಷವಿಡೀ ನೀರಿನಲ್ಲಿ ಬೆರೆಸಿ ಕೊಡುತ್ತಿದ್ದರು. ಮುಧೋಳದ ನಮ್ಮ ಓಣಿಯಲ್ಲಿ ಔಷಧದ ಅಂಗಡಿ ಇದ್ದರೂ ಜನ ಮೊದಲು ಬರುತ್ತಿದ್ದುದು ನಮ್ಮ ಬಾಗಿಲಿಗೇ. ಅತ್ತೆಯ ಗತ್ತೆಲ್ಲ ಆ ಶೀಶೆಯಲ್ಲಿತ್ತು. ನನ್ನ ಸಂಬಳಕ್ಕೂ ಆ ಮನೆಯಲ್ಲಿ ಅಷ್ಟು ಮರ್ಯಾದೆ ಇರಲಿಲ್ಲ.

ಲೋಕಾಪುರದ ಕಡೆ ನಮ್ಮದೊಂದು ಎರೆ ಹೊಲ. ಸುತ್ತಲಿನವರು ನೀರು ಸಿಕ್ಕಿತೆಂದು ಕಬ್ಬು ಹಚ್ಚಿದರೂ ಅತ್ತೆ ಕಡಲೆ ಬಿಡಲಿಲ್ಲ. ಹುಳಿಗೊಂದು ಕಟ್ಟುಪಾಡಿತ್ತು. ಚಳಿಗಾಲದ ನಡುವೆ ಬರುವ ಎಳ್ಳಮಾವಾಸ್ಯೆಯ ಹೊತ್ತಿಗೆ ಹೊಲ ಬಸುರಿ. ಬಯಕೆಯ ಅಡಿಗೆ ಒಯ್ದು, ಅದನ್ನು ಹೊಲದ ತುಂಬ ಚರಗವಾಗಿ ಚೆಲ್ಲಿ ಭೂಮಿತಾಯಿಗೆ ಉಣಿಸಬೇಕು. ಅವಳು ಉಣ್ಣುವವರೆಗೆ ನಮ್ಮ ಮನೆಯವರು ಕಡಲೆಯ ಒಂದೆಲೆಯನ್ನೂ ಮುಟ್ಟುವಂತಿರಲಿಲ್ಲ. ಚರಗದ ಸಂಜೆಯೇ ಮೊದಲ ಧೋತರ ಹಾಸುತ್ತಿದ್ದರು.

ಒಂದು ವರ್ಷ ಚಳಿಯೇ ಬರಲಿಲ್ಲ. ದೀಪಾವಳಿ ಕಳೆದರೂ ಮನೆಯಲ್ಲಿ ಫ್ಯಾನು ನಿಲ್ಲಲಿಲ್ಲ. ಎಳ್ಳಮಾವಾಸ್ಯೆಗೆ ಹೋದರೆ ಹೂವೆಲ್ಲ ಮುಗಿದು, ಕಾಯಿ ಬಲಿತು, ಎಲೆ ಹಳದಿಗೆ ತಿರುಗಿತ್ತು. ಅತ್ತೆ ಹಟಕ್ಕೆ ಬಿದ್ದು ಹಾಸಿದರು. ಬೆಳಗ್ಗೆ ಹಿಂಡಿದರೆ ಒಂದು ಹನಿ ಬೀಳಲಿಲ್ಲ. ಮರುವರ್ಷವೂ ಅದೇ ಪಾಡು. ಹಳೆಯ ಶೀಶೆ ಬರಿದಾಯಿತು. ಹೊಟ್ಟೆ ಹಿಡಿದುಕೊಂಡು ಬಂದ ಪಕ್ಕದ ಮನೆಯಾಕೆಯನ್ನು ಬರಿಗೈಲಿ ಕಳಿಸಿದ ದಿನ ಅತ್ತೆ ಊಟ ಮಾಡಲಿಲ್ಲ.

“ಭೂಮಿತಾಯಿ ನನ್ನ ಮ್ಯಾಲ ಮುನಿಸ್ಕೊಂಡಾಳಬೇ. ಇನ್ನ ಹುಳಿ ಸಾಕು,” ಎಂದರು.

ನಾನು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವವಳು; ಬಾಯಿ ಸುಮ್ಮನಿರಲಿಲ್ಲ. ಉತ್ತರ ಧ್ರುವದ ಬಳಿಯ ಟಂಡ್ರಾ ಬಯಲಿನ ಮಾತು ತೆಗೆದೆ. ಅಲ್ಲಿಯ ಗೇಣುದ್ದದ ಗಿಡಗಳು ವರ್ಷದ ಬಹುಭಾಗ ಹಿಮದಡಿ ಮಲಗಿರುತ್ತವೆ. ಹಿಮ ಕರಗಿದ್ದೇ ತಡ, ಎದ್ದು, ಚಿಕ್ಕದೊಂದು ಬೇಸಿಗೆಯಲ್ಲಿ ಚಿಗುರು, ಹೂವು, ಬೀಜ ಎಲ್ಲ ಮುಗಿಸಬೇಕು. ಈಗ ಭೂಮಿ ಬಿಸಿಯಾಗಿ ಹಿಮ ಬೇಗ ಕರಗುತ್ತಿದೆ. ಎಷ್ಟೋ ಗಿಡಗಳು ಮುಂಚೆಯೇ ಹೂಬಿಡುತ್ತವೆ. ಕೆಲವು ಮತ್ತೆ ಬಿದ್ದ ಚಳಿಗೆ ಸಿಕ್ಕಿ ಮೊಗ್ಗು ಕಳೆದುಕೊಳ್ಳುತ್ತವೆ.

“ನಮ್ಮ ಕಡ್ಲಿಗೂ ಹಂಗ ಆಗೇತ್ರಿ ಅತ್ತ್ಯಾರ. ಬಿಸಿಲಿಗೆ ಅವಸರ ಮಾಡಿ ಹೂ ಬಿಟ್ಟೈತಿ. ಯಾರೂ ಮುನಿಸ್ಕೊಂಡಿಲ್ಲ.”

ಅತ್ತೆ ಕೇಳಿದ್ದು ಒಂದೇ ಮಾತು. “ಆ ಸಣ್ಣ ಗಿಡಾ, ಮೊಗ್ಗಿ ಹೋದ ಮ್ಯಾಲ ಸತ್ತ ಹೋಗ್ತಾವೇನ?”

“ಇಲ್ರಿ, ಬೇರು ಗಟ್ಟಿ ಇರ್ತಾವ. ಮುಂದಿನ ವರ್ಷ ಮತ್ತ ಹೂ ಬಿಡ್ತಾವ.”

“ಭಾರಿ ಅದಾವ ಬಿಡ,” ಎಂದರು, ತವರಿನವರನ್ನು ಹೊಗಳುವಷ್ಟು ಅಭಿಮಾನದಿಂದ.

ಮುಂದಿನ ಹಂಗಾಮಿನಲ್ಲಿ, ಎಳ್ಳಮಾವಾಸ್ಯೆ ಇನ್ನೂ ದೂರವಿರುವಾಗಲೇ, ಹೊಲ ನೋಡಿಕೊಳ್ಳುವ ನನ್ನ ಮೈದುನ ಬಂದು ಕಡಲೆ ಹೂವಾಗಿದೆಯೆಂದ. ಈಗ ಧೋತರ ಹಾಸಿದರೆ ಹುಳಿ ಸಿಕ್ಕೀತು, ಆದರೆ ಬಸುರಿಗೆ ಉಣಿಸದೆ ಅವಳ ಹೊಲಕ್ಕೆ ಕೈಹಾಕಿದಂತೆ. ಕಾದರೆ ಹುಳಿ ಇಲ್ಲ. ಅತ್ತೆಯೋ, ಒಂದು ಸೋಮವಾರದ ಒಪ್ಪತ್ತನ್ನೂ ತಪ್ಪಿಸಿದವರಲ್ಲ.

ಮರುದಿನ ಏಳುವಷ್ಟರಲ್ಲಿ ಅಡಿಗೆಮನೆಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ತಯಾರಾಗಿದ್ದವು. ಚರಗದ ಪೂರ್ತಿ ಅಡಿಗೆ! ಮೈದುನ ಗಾಬರಿಯಾದ. “ಯವ್ವಾ, ಅಮಾಸಿ ಇನ್ನ ಎಲ್ಲೈತಿ?”

“ಬಸುರಿಗೆ ದಿನಾ ಮುಂಚೇನ ಬಂದ್ರ ಕ್ಯಾಲೆಂಡರ್ ನೋಡ್ಕೋತ ಕುಂಡರ್ತಾರೇನಲೇ? ಗಾಡಿ ತಗಿ.”

ಆಹಾ, ನನ್ನ ಅತ್ತೆಯೇ! ನನಗೆ ಅವರ ಕಾಲು ಹಿಡಿಯಬೇಕೆನಿಸಿತು. ಹೊಲದ ತುಂಬ ನಡೆದು ಒಬ್ಬರೇ ಚರಗ ಚೆಲ್ಲಿದರು. ಪಕ್ಕದ ಕಬ್ಬಿನವರು ಬದುವಿನ ಮೇಲೆ ನಿಂತು ನಕ್ಕರು; ಅತ್ತೆ ಅತ್ತ ತಿರುಗಿಯೂ ನೋಡಲಿಲ್ಲ. ಸಂಜೆ ಧೋತರ ಹಾಸಿ, ಅಂದು ಹೊಲದ ಮನೆಯಲ್ಲೇ ಉಳಿದೆವು.

ಬೆಳಗ್ಗೆ ಧೋತರ ಎತ್ತಿದರೆ ಭಾರವಿತ್ತು. ಆ ತುದಿ ಅವರು, ಈ ತುದಿ ನಾನು ಹಿಡಿದು ಹಿಂಡಿದೆವು. ಬೋಗುಣಿಗೆ ಸಣ್ಣ ಧಾರೆ ಇಳಿಯಿತು. ಅತ್ತೆ ಅದರಲ್ಲಿ ಅದ್ದಿದ ಬೆರಳನ್ನು ನನ್ನ ನಾಲಿಗೆಗೆ ತಾಕಿಸಿ, “ಹುಳಿ ಐತೇನಬೇ?” ಎಂದರು. ನನ್ನ ಮುಖವೆಲ್ಲ ಕಿವುಚಿಕೊಂಡಿತು. “ಐತ್ರಿ!”

ಅತ್ತೆ ಅಲ್ಲೇ ಸಾಲಿನಲ್ಲಿ ಕುಳಿತುಬಿಟ್ಟರು. ಕಣ್ಣಲ್ಲಿ ನೀರು. ಮಣ್ಣಿನ ಮೇಲೆ ಕೈಯಾಡಿಸುತ್ತ ಅಂದರು:

“ಎರಡ ವರ್ಷ ಹಸಕೊಂಡ ಕುಂತಿದ್ಲು ನಮ್ಮವ್ವ. ನಾ ತಡಾ ಮಾಡಿ ಉಣಿಸೀನಿ.”