ಅಂಗಳದಲ್ಲಿ ಬಿಟ್ಟ ಎರಡು ಮೊಳ

ನೆನೆದ ಭತ್ತಕ್ಕೆ ಒಂದು ಹುಳಿ ವಾಸನೆ ಇದೆ. ನಿಮಗೆ ಅದು ಹಿಡಿಸಲಿಕ್ಕಿಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಪಕ್ಕ ಬೆಳೆದ ನನ್ನಂಥವರಿಗೆ ಮಾತ್ರ ಅದು ಮೂಗಿಗಿಂತ ಮೊದಲು ಕಣ್ಣಿಗೆ ತಟ್ಟುತ್ತದೆ. ಈ ಬೇಸಿಗೆಯ ಮೊದಲಿಗೆ ಹರಿಹರದ ಬಸ್ಸಿನಲ್ಲಿ ಕೂತಿದ್ದಾಗ, ಯಾವುದೋ ಮಿಲ್ಲಿನ ಹಿಂದಿನಿಂದ ಆ ವಾಸನೆ ಕಿಟಕಿಗೆ ಬಂತು. ಮಧ್ಯಾಹ್ನದ ಬಿಸಿಲು ರಸ್ತೆಯ ಮೇಲೆ ನೀರಿನ ಹಾಗೆ ನಡುಗುತ್ತಿತ್ತು. ಕಣ್ಣು ಮುಚ್ಚಿದೆ. ದೊಡ್ಡ ಅಂಗಳ, ಅದರ ತುಂಬ ಒಣಹಾಕಿದ ಭತ್ತ, ಭತ್ತದೊಳಗೆ ಬರಿಗಾಲಲ್ಲಿ ಸಾಲು ಸಾಲಾಗಿ ನಡೆಯುತ್ತ, ಪಾದದಿಂದಲೇ ಅದನ್ನು ತಿರುವಿಹಾಕುತ್ತಿರುವ ಒಬ್ಬ ಹೆಂಗಸು. ಬೇವಿನ ಮರದ ಬದಿಗೆ ಮಾತ್ರ ಎರಡು ಮೊಳ ಅಗಲದ ಬರಿ ನೆಲ. ಅಲ್ಲಿ ಒಂದು ಕಾಳೂ ಇಲ್ಲ.

ಆ ಎರಡು ಮೊಳ ನೆಲದ ಸಲುವಾಗಿಯೇ ನಾನು ಹರಿಹರಕ್ಕೆ ಹೊರಟಿದ್ದೆ.

ಭಟ್ಟಿ ಮುಚ್ಚಿ ಬಹಳ ವರ್ಷವಾಯಿತು. ಅದರ ಅಂಗಳ ಈಗ ನಮ್ಮ ಓಣಿಯ ಖಾಲಿ ಜಾಗ. ಯಾರ ಮನೆ ಒಡೆದರೂ ಕಲ್ಲುಮಣ್ಣು ಬಂದು ಬೀಳುವುದು ಅಲ್ಲಿಗೇ. ಹೋದ ವರ್ಷ ಒಂದು ತಾಸು ಸುರಿದ ಮಳೆಗೆ ಅಲ್ಲಿನ ನೀರೆಲ್ಲ ಹಿಂದಿನ ಸಾಲಿನ ಮನೆಗಳಿಗೆ ನುಗ್ಗಿತು. ಟೈಲರ್ ಹನುಮಂತಪ್ಪನ ಹೊಲಿಗೆ ಮಷಿನ್ನು ಮುಳುಗಿತು, ಮದುವೆಗೆಂದು ಹೊಲಿದಿಟ್ಟಿದ್ದ ಬಟ್ಟೆಗಳು ಕೆಸರಾದವು. ಮೊದಲೆಲ್ಲ ಮಳೆ ಹದವಾಗಿ ಬರುತ್ತಿತ್ತು ಎಂದು ಓಣಿಯವರು ಹೇಳಿದರು. ಎಲ್ಲ ಕಾಲದ ಮುದುಕರೂ ಹಾಗೇ ಹೇಳುತ್ತಾರೆ ಎಂದು ನಾನು ತಕರಾರು ತೆಗೆದೆ. ವಿಶ್ವವಿದ್ಯಾಲಯದಿಂದ ನಾನು ಮನೆಗೆ ತಂದ ಗಳಿಕೆ ಈ ತಕರಾರಿನ ಚಟವೊಂದೇ. ಆದರೆ ಹಳದಿ ರೇಷ್ಮೆಗೆ ಹತ್ತಿದ ಕೆಸರಿನ ಎದುರು ನನ್ನ ತಕರಾರು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮೋರಿ ಎಷ್ಟು ಅಗಲ ಮಾಡಿದರೂ ಈಗಿನ ಮಳೆಗೆ ಸಾಲದು ಎಂದರು ಪಾಲಿಕೆಯಿಂದ ಜಾಗ ನೋಡಲು ಬಂದ ತರುಣಿ ಎಂಜಿನಿಯರ್. ಸಿಮೆಂಟ್ ಹಾಸುವ ಬದಲು ಒಂದು ಕಡೆ ತಗ್ಗು ತೋಡಿ, ಜಲ್ಲಿ ಮರಳು ತುಂಬಿ, ಲಾವಂಚ, ಜೊಂಡು, ಒಂದೆರಡು ಹೊಂಗೆ ನೆಟ್ಟರೆ ನೆಲವೇ ಮಳೆಯನ್ನು ಕುಡಿಯುತ್ತದಂತೆ. ಬೇಸಿಗೆಯಲ್ಲಿ ಓಣಿಗೆ ತಂಪೂ ಆಗುತ್ತದಂತೆ. ಆದರೆ ತಗ್ಗು ಎಲ್ಲಿ? ಕಲ್ಲುಮಣ್ಣಿನ ಕೆಳಗೆ ಹಳೆಯ ಇಳಿಜಾರು ಕಾಣುತ್ತಿರಲಿಲ್ಲ. ಅಗೆಯಲು ದುಡ್ಡಿದ್ದದ್ದು ಒಂದೇ ಸಲಕ್ಕೆ.

"ನೀವು ಇಲ್ಲೇ ಬೆಳೆದವ್ರು ಸರ್. ಮೊದ್ಲು ನೀರು ಎಲ್ಲಿ ಹೋಗ್ತಿತ್ತು?"

ನಾನು ತಡವರಿಸದೆ ಬೇವಿನ ಬದಿ ತೋರಿಸಿದೆ. ಭತ್ತ ಕೊಚ್ಚಿಹೋಗಬಾರದೆಂದು ನೀರಿನ ದಾರಿಯಲ್ಲಿ ಅದನ್ನು ಹರಡುತ್ತಿರಲಿಲ್ಲ ಎಂದು ವಿವರಿಸಿದೆ. ಎಷ್ಟು ಚಂದದ ತರ್ಕ! ಅವರು ಅಲ್ಲಿ ಸುಣ್ಣದ ಗೆರೆ ಹಾಕಿಸಿ, ಸೋಮವಾರ ಕೆಲಸ ಶುರು ಎಂದರು. ಹನುಮಂತಪ್ಪ ಹತ್ತಿರ ಬಂದ.

"ನೀವು ಓದಿದೋರು. ಖರೇನ ಅಲ್ಲೇ ಹೋಗ್ತಿತ್ತೇನ್ರಿ? ಇನ್ನೊಂದ್ಸಲ ನೀರು ಹೊಕ್ರೆ ನಾನು ಅಂಗಡಿ ಎತ್ತಾದೇ."

ಹೌದು ಎಂದೆ. ಎಂದ ಗಳಿಗೆಯಿಂದ ಅನುಮಾನ. ಅಲ್ಲಿ ನೀರು ಹರಿದದ್ದನ್ನು ನಾನು ಕಂಡಿದ್ದೆನೆ? ಅಥವಾ ಕಂಡದ್ದು ಬರಿ ನೆಲವನ್ನು, ನೀರನ್ನು ಆಮೇಲೆ ನಾನೇ ಹರಿಸಿಕೊಂಡೆನೆ?

ಆಗ ಭತ್ತ ತಿರುವುತ್ತಿದ್ದ ಜೈತೂನ್‌ಬಿ ಈಗ ಹರಿಹರದಲ್ಲಿ ಮಗಳ ಮನೆಯಲ್ಲಿದ್ದಾರೆ. ಭಟ್ಟಿಯ ಮಕ್ಕಳಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ; ಹಾಗಾಗಿ ನನಗೂ. ಹೊಳೆಯ ಕಡೆಯ ಗಾಳಿಗೆ ಮುಖ ಕೊಟ್ಟು ಬಾಗಿಲಲ್ಲಿ ಕೂತಿದ್ದರು.

"ಬಾರಪ್ಪಾ. ಸೈಕಲ್ ಎಲ್ಲಿ ಬಿಟ್ಟೆ?"

"ಯಾವ ಸೈಕಲ್ ಖಾಲಾ?"

"ತಲೆ ಬೆಳ್ಳಗಾದ್ರೆ ಸೈಕಲ್ಲೂ ಮರೀತೈತೇನು?"

ನಾನು ಬೇವಿನ ಬದಿಯ ಬರಿ ನೆಲದ ಮಾತೆತ್ತಿದೆ. ಅವರು ಸೆರಗು ಬಾಯಿಗಿಟ್ಟು ನಕ್ಕರು.

"ಅಯ್ ನಿನ್ನ! ಅದು ನಿನಗೆ ಬಿಟ್ಟಿದ್ದು. ಕಾಲೇಜಿಗೆ ತಡ ಆತು ಅಂತ ದಿನಾ ಭತ್ತದ ಮ್ಯಾಲೇ ಸೈಕಲ್ ನುಗ್ಗಿಸ್ತಿದ್ದಿ. ಬೈದ್ರೆ ಕಿವೀಗೇ ಹಾಕ್ಕಂತಿರ್ಲಿಲ್ಲ. ಹಾಳಾಗ್ಲಿ, ಇವನಿಗೊಂದು ದಾರಿ ಬಿಡಾಣ ಅಂದೆ."

"ಮತ್ತೆ ನೀರು?"

"ನೀರಿಗೂ ಬೇವಿಗೂ ಏನ್ ಸಂಬಂಧ? ಮಳೆ ಹೊಡೀತು ಅಂದ್ರೆ ಭತ್ತೆಲ್ಲ ತೇಲಿ ಆ ಕಡೆ ಬಾವಿ ಮೂಲೆಗೆ ಹೋಗ್ತಿತ್ತು. ಅಲ್ಲಿ ನೀರು ಇಳೀತಿತ್ತು, ಭತ್ತ ಉಳೀತಿತ್ತು. ಬಾಚಿ ಬಾಚಿ ನನ್ನ ಸೊಂಟ ಹೋತು."

"ನಿಮಗೆ ಸರಿಯಾಗಿ ನೆನಪೈತಾ?"

"ನನ್ನ ಸೊಂಟಕ್ಕೇ ಕೇಳು."

ವಾಪಸಾಗುವಾಗ ಮತ್ತೆ ಕಣ್ಣು ಮುಚ್ಚಿದೆ. ಬೇವಿನ ನೆರಳಲ್ಲಿ ಇಷ್ಟು ವರ್ಷ ಹರಿದಿದ್ದ ತೊರೆ ಬತ್ತಿಹೋಗಿತ್ತು. ಅದರ ಜಾಗದಲ್ಲಿ ಒಬ್ಬ ಸಿಡುಕ ಹುಡುಗ, ಬಗಲಲ್ಲಿ ಪುಸ್ತಕ, ಯಾರತ್ತಲೂ ತಿರುಗದೆ ಸೈಕಲ್ ತುಳಿಯುತ್ತಿದ್ದ. ಈ ಚಿತ್ರವಾದರೂ ನನ್ನದೋ, ಖಾಲಾ ಈಗಷ್ಟೇ ಕೊಟ್ಟದ್ದೋ? ಹೇಳಲಾರೆ.

ಸೋಮವಾರ ಜೆಸಿಬಿಯ ಮುಂದೆ ನಿಂತು, ನಾನು ಹೇಳಿದ್ದು ತಪ್ಪು ಎಂದೆ. ಓಣಿಯವರೆಲ್ಲ ಇದ್ದರು. ಹನುಮಂತಪ್ಪ ತಲೆ ತಗ್ಗಿಸಿದ.

"ಮೊದ್ಲು ಹೇಳಿದ್ದಕ್ಕೆ ಆಧಾರ ಏನಿತ್ತು ಸರ್?" ಎಂದರು ಎಂಜಿನಿಯರ್.

"ನನ್ನ ಸೈಕಲ್."

"ಈಗ ಹೇಳ್ತಿರೋದಕ್ಕೆ?"

"ಒಬ್ಬರ ಸೊಂಟ."

"ಎರಡೂ ಬ್ಯಾಡ. ನೀರನ್ನೇ ಕೇಳೋಣ," ಎಂದರು.

ಕಲ್ಲುಮಣ್ಣು ಎತ್ತಿಸಿ, ಟ್ಯಾಂಕರ್ ನೀರು ಬಿಡಿಸಿದರು. ಹನುಮಂತಪ್ಪ ಒಂದು ಬೊಗಸೆ ಭತ್ತ ತಂದು ಚೆಲ್ಲಿದ. ಕಾಳುಗಳು ನಿದ್ದೆಗಣ್ಣಿನಲ್ಲಿ ನಡೆಯುವವರ ಹಾಗೆ ಹೊರಟವು. ಬೇವಿನತ್ತ ಒಂದೂ ಹೊರಳಲಿಲ್ಲ. ಸುತ್ತಿ ಬಳಸಿ, ಮುಚ್ಚಿದ ಬಾವಿಯ ಮೂಲೆಗೆ ಹೋಗಿ ನಿಂತವು. ನೋಡನೋಡುತ್ತ ನೀರು ಇಳಿಯಿತು, ಒದ್ದೆ ನೆಲದ ಮೇಲೆ ಭತ್ತ ಉಳಿಯಿತು. ಹನುಮಂತಪ್ಪ ಅದನ್ನು ಬಾಚಿಕೊಳ್ಳುತ್ತ, "ಆತು ಬಿಡ್ರಿ. ಆದ್ರೂ ಒಂದು ಮಳೆ ಹೋಗಾತನ ಮಷಿನ್ ಅಟ್ಟದ ಮ್ಯಾಲೇ ಇರ್ಲಿ," ಎಂದ. ಅನುಮಾನದಲ್ಲಿ ಅವನು ನನಗಿಂತ ಒಂದು ಕೈ ಮೇಲು.

ಬಾವಿ ಮೂಲೆಯಲ್ಲಿ ಈಗ ಲಾವಂಚ ಮೊಳಕಾಲೆತ್ತರ ಬಂದಿದೆ. ದೊಡ್ಡ ಮಳೆ ಇನ್ನೂ ಬಂದಿಲ್ಲ. ನಿನ್ನೆ ಎಂಜಿನಿಯರ್ ನಕ್ಷೆ ಹಿಡಿದು ಬಂದಿದ್ದರು. ಬೇವಿನ ಬದಿಯಲ್ಲಿ ಇನ್ನೊಂದು ಸಾಲು ಗಿಡ ಹಿಡಿಸುತ್ತದೆ, ಏನು ನೆಡೋಣ ಎಂದು ಕೇಳಿದರು.

"ಏನೂ ಬ್ಯಾಡ. ಎರಡು ಮೊಳ ದಾರಿ ಬಿಡ್ರಿ."

"ಯಾರಿಗೆ ಸರ್?"

"ಯಾರಾದ್ರೂ ಅವಸರದಾಗೆ ಬರ್ತಾರೆ," ಎಂದೆ.