ಬೆವರಿಗೆ ಕರಗದ ಅಕ್ಷರ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಪ್ರಿಂಟರು ಒಂದು ಹಾಳೆಯನ್ನು ಅರ್ಧ ನುಂಗಿ ನಿಂತುಬಿಟ್ಟಿತು. ಕಿಟಕಿಯಾಚೆ ಹದಿನೇಳು ಜನ ಸಾಲಿನಲ್ಲಿದ್ದರು. ಜನನ ಮರಣ ನೋಂದಣಿ ಕಚೇರಿಯಲ್ಲಿ ಸೋಮವಾರ ಯಾವತ್ತೂ ಹೀಗೆಯೇ. ಹುಟ್ಟು ಸಾವಿಗೆ ರಜೆ ಇರುವುದಿಲ್ಲ, ಗುಮಾಸ್ತರಿಗೆ ಮಾತ್ರ ಇರುತ್ತದೆ.

ಕುರ್ಚಿ ಅಕ್ಕ ಎದ್ದು, ಮುಚ್ಚಳ ತೆಗೆದು, ಹಾಳೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದಳು. ಬರಲಿಲ್ಲ. ಮುಂದಕ್ಕೆ ಎಳೆದಳು. ಹರಿದು ಅರ್ಧ ಕೈಗೆ ಬಂತು, ಅರ್ಧ ಒಳಗೇ ಉಳಿಯಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಆಕೆ ಸ್ವಿಚ್ ಆರಿಸಿದಳು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಯಾವುದು ರಿಪೇರಿಯಾಗುತ್ತದೆ, ಯಾವುದು ಆಗುವುದಿಲ್ಲ ಎನ್ನುವುದು ವಾಸನೆಯಲ್ಲೇ ತಿಳಿಯುವಷ್ಟು ಪಳಗಿದ್ದಳು.

ಕುರ್ಚಿ ಅಕ್ಕ ಎಂಬ ಹೆಸರಿಗೆ ಒಂದು ಕಥೆಯಿತ್ತು. ನಾಲ್ಕು ವರ್ಷದ ಹಿಂದೆ ಕಚೇರಿಗೆ ಹನ್ನೆರಡು ಹೊಸ ಕುರ್ಚಿ ಬಂದವು. ಆರಿಸಿದವರು ಆಗಿನ ಸಾಹೇಬರು, ಖರೀದಿಯ ಟಿಪ್ಪಣಿಗೆ ಸಹಿ ಮಾತ್ರ ಈಕೆಯದು. ಎರಡೇ ತಿಂಗಳಲ್ಲಿ ಐದು ಕುರ್ಚಿಗಳ ಕಾಲು ಕಳಚಿತು. ಅದರಲ್ಲಿ ಒಂದು, ಸಾಹೇಬರೇ ಕೂತಿದ್ದಾಗ. ಅವರು ನೆಲದಿಂದ ಎದ್ದವರೇ ಮೊದಲು ಕೇಳಿದ್ದು, "ಇದಕ್ಕೆ ಸಹಿ ಹಾಕಿದ್ದು ಯಾರ್ರೀ?" ಅಂತ. ಆ ಸಾಹೇಬರು ವರ್ಗವಾಗಿ ಹೋದರು, ಕುರ್ಚಿಗಳು ಗುಜರಿಗೆ ಹೋದವು, ಹೆಸರು ಮಾತ್ರ ಈಕೆಗೆ ಅಂಟಿಕೊಂಡಿತು. ಈಗ ಹೊಸದಾಗಿ ಸೇರಿದವರು ಕೂಡ ಯಾಕೆಂದು ತಿಳಿಯದೆಯೇ ಹಾಗೆ ಕರೆಯುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ರಿಪೇರಿಯವನು ಬಂದ. ಹನ್ನೊಂದು ವರ್ಷದಿಂದ ಈ ಯಂತ್ರಕ್ಕೆ ವೈದ್ಯ ಅವನೇ. ಬೆನ್ನು ತಟ್ಟಿ, ಹೊಟ್ಟೆ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದ.

"ಅಕ್ಕಾ, ಇದರ ಕಥೆ ಮುಗೀತು. ಹಾಳೆ ಬಿಸಿ ಮಾಡೋ ರೋಲರ್ರು ಸುಟ್ಟುಹೋಗಿದೆ. ಆ ಪಾರ್ಟು ಈಗ ಎಲ್ಲೂ ಸಿಗ್ತಿಲ್ಲ."

"ಹೋದ ಸಲಾನೂ ಹಾಗೇ ಅಂದೆಯಲ್ಲಪ್ಪ."

"ಹೋದ ಸಲ ಸುಳ್ಳು ಹೇಳಿದ್ದೆ. ಈ ಸಲ ನಿಜ."

ಅವನ ಮುಖ ನೋಡಿದರೆ ನಿಜವೆಂದೇ ಕಾಣುತ್ತಿತ್ತು. ಆಕೆಗೆ ನಗು ಬಂತು, ನಗುವಷ್ಟು ತ್ರಾಣ ಇರಲಿಲ್ಲ.

ಸಾಹೇಬರು ಕರೆಸಿದರು. ಈಗಿನ ಸಾಹೇಬರು ಕೆಟ್ಟವರಲ್ಲ, ಆದರೆ ಯಾವ ಕಾಗದವೂ ತಮ್ಮ ಮೇಜಿನ ಮೇಲೆ ರಾತ್ರಿ ಕಳೆಯಬಾರದು ಎನ್ನುವ ಜಾತಿ. "ನೀವೇ ಮೂರು ಅಂಗಡಿ ವಿಚಾರಿಸಿ, ಒಂದು ಟಿಪ್ಪಣಿ ಬರೆದುಕೊಡಿ. ಒಟ್ಟಲ್ಲಿ ಖರ್ಚು ಕಮ್ಮಿ ಬೀಳ್ಬೇಕು. ಕಲರ್ ಇದ್ರೆ ಒಳ್ಳೇದು."

"ನಾನೇನು ಪ್ರಿಂಟರ್ ಓದಿಕೊಂಡವಳಾ ಸರ್? ಟೈಪಿಸ್ಟಿಗೆ ಹೇಳಿ."

"ಆ ಹುಡುಗಿ ನಿನ್ನೆ ಮೊನ್ನೆ ಸೇರಿದೋಳು. ನೀವು ಎಲ್ಲರಿಗಿಂತ ಹಳಬರು."

ಹಳಬರು ಎಂಬ ಮಾತಿನ ಅರ್ಥ ಆಕೆಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ತಪ್ಪು ಕಟ್ಟಲು ಒಂದು ತಲೆ ಬೇಕು, ಅಷ್ಟೆ. "ಆಗಲಿ ಸರ್" ಎಂದು ಹೊರಗೆ ಬಂದಳು.

ಅಲ್ಲಿಯವರೆಗೆ ಕೆಲಸ ನಿಲ್ಲುವಂತಿರಲಿಲ್ಲ. ಎರಡು ಮಹಡಿ ಮೇಲೆ ತೆರಿಗೆ ವಿಭಾಗದಲ್ಲಿ ಒಂದು ಪ್ರಿಂಟರಿತ್ತು. ಅವರು ಮಧ್ಯಾಹ್ನ ಒಂದು ಗಂಟೆ, ಸಂಜೆ ಒಂದು ಗಂಟೆ ಬಿಟ್ಟುಕೊಡಲು ಒಪ್ಪಿದರು, ಅದೂ ಮುಖ ಗಂಟಿಕ್ಕಿಕೊಂಡು. ಆಕೆ ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಂಡು ನಲವತ್ತನಾಲ್ಕು ಮೆಟ್ಟಿಲು ಹತ್ತುವುದು, ಪ್ರಮಾಣಪತ್ರಗಳನ್ನು ತೆಗೆದುಕೊಂಡು ಇಳಿಯುವುದು, ಸಹಿ ಸೀಲು ಹಾಕಿಸಿ ಹಂಚುವುದು. ಬಲಮಂಡಿ ಒಂದೊಂದು ಮೆಟ್ಟಿಲಿಗೂ ಒಂದೊಂದು ಮಾತಾಡುತ್ತಿತ್ತು. ಎರಡನೆಯ ದಿನ ಇಳಿಯುವಾಗ ಗೋಡೆ ಹಿಡಿದುಕೊಂಡು ಒಂದು ಕ್ಷಣ ಕಣ್ಣು ಮುಚ್ಚಿ ನಿಂತಳು. ಇನ್ನೆರಡು ವರ್ಷ, ಎಂದುಕೊಂಡಳು. ಆಮೇಲೆ ನಿವೃತ್ತಿ. ಆಮೇಲೆ ಮೆಟ್ಟಿಲೇ ಬೇಡ.

ಮನೆಯಲ್ಲಿ ಗಂಡನೇ ಅಡುಗೆ. ಬಸ್ ಓಡಿಸುತ್ತಿದ್ದವನು, ಬೆನ್ನು ಕೈಕೊಟ್ಟ ಮೇಲೆ ಸ್ವಯಂನಿವೃತ್ತಿ ತೆಗೆದುಕೊಂಡು ಒಲೆಯ ಮುಂದೆ ಸ್ಟೂಲು ಹಾಕಿಕೊಂಡಿದ್ದ. ಸೌಟನ್ನು ಗೇರಿನಂತೆ ಹಿಡಿದೇ ಮಾತಾಡುವನು.

"ಮೂರು ಅಂಗಡಿಯಲ್ಲಿ ಬೆಲೆ ಕೇಳಿದ್ರೆ ಮುಗೀತಾ? ಗಾಡಿ ಬೆಲೆ ಯಾವನು ಬೇಕಾದ್ರೂ ಕೇಳ್ತಾನೆ. ಮೈಲೇಜ್ ಕೇಳು. ಲೀಟರಿಗೆ ಎಷ್ಟು ಓಡುತ್ತೆ, ಟೈರು ಎಷ್ಟು ದಿನ ಬರುತ್ತೆ, ಕೆಟ್ಟರೆ ಪಾರ್ಟು ಸಿಗುತ್ತಾ. ನಮ್ಮ ಡಿಪೋಗೆ ಒಂದು ಸಲ ಅಗ್ಗದ ಬಸ್ ತಂದ್ರು ನೋಡು..."

"ಗೊತ್ತು. ತಳ್ಳಿಕೊಂಡು ಹೋಗಿದ್ದು. ನೂರು ಸಲ ಹೇಳಿದೀರ."

"ನೂರಾ ಒಂದನೇ ಸಲ ಕೇಳು, ಏನೀಗ?" ಎಂದು ತಟ್ಟೆ ಇಟ್ಟ. ಆಕೆ ಅರ್ಧ ನಿದ್ದೆಯಲ್ಲೇ ಉಂಡಳು. ಆದರೆ ಮೈಲೇಜ್ ಎನ್ನುವ ಮಾತು ಮನಸ್ಸಿನಲ್ಲಿ ಉಳಿಯಿತು.

ಮರುದಿನ ಆಕೆ ಮೂರು ತಿಂಗಳ ವಿತರಣಾ ರಿಜಿಸ್ಟರ್ ತೆಗೆದು ಲೆಕ್ಕ ಹಾಕಿದಳು. ದಿನಕ್ಕೆ ಸರಾಸರಿ ತೊಂಬತ್ತು ಹಾಳೆ. ಬಣ್ಣ ಬೇಕಾದದ್ದು ಒಂದೂ ಇಲ್ಲ. ಅಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿ ಬೀದಿಗೆ ಹೋದಳು.

ಮೊದಲ ಅಂಗಡಿಯಲ್ಲಿ ಟೈ ಕಟ್ಟಿದ ಮಾರಾಟಗಾರ ಬಿಳಿಯ ಪುಟ್ಟ ಯಂತ್ರವೊಂದನ್ನು ಕೂಸಿನಂತೆ ಎತ್ತಿ ತೋರಿಸಿದ. ಬೆಲೆ ಎಲ್ಲಕ್ಕಿಂತ ಕಡಿಮೆ, ಬಣ್ಣವೂ ಇತ್ತು.

"ಇದರ ಇಂಕಿನ ಡಬ್ಬಿಗೆ ಎಷ್ಟು ಹಾಳೆ ಬರುತ್ತಪ್ಪ?"

"ಆರಾಮಾಗಿ ನೂರೈವತ್ತು ಬರುತ್ತೆ ಮೇಡಂ."

"ನಮ್ಮಲ್ಲಿ ದಿನಕ್ಕೇ ತೊಂಬತ್ತು ಹೋಗುತ್ತೆ. ಅಂದ್ರೆ ಎರಡು ದಿನಕ್ಕೊಂದು ಡಬ್ಬಿ. ಆ ಡಬ್ಬಿ ಬೆಲೆ ಎಷ್ಟು?"

ಅವನು ಹೇಳಿದ. ಆಕೆ ಮನಸ್ಸಿನಲ್ಲೇ ಕೂಡಿಸಿದಳು. ಹತ್ತು ದಿನದ ಇಂಕಿಗೆ ಇನ್ನೊಂದು ಪ್ರಿಂಟರೇ ಬರುತ್ತಿತ್ತು.

"ಇದು ಮನೆ ಬಳಕೆಗೆ ಮೇಡಂ," ಎಂದು ಅವನು ದನಿ ತಗ್ಗಿಸಿದ.

"ಮತ್ತೆ ಬೋರ್ಡಿನಲ್ಲಿ ಆಫೀಸಿಗೆ ಅಂತ ಬರೆದಿದೀರಲ್ಲ?"

"ಅದು... ಮನೇಲೇ ಆಫೀಸು ಇಟ್ಕೊಂಡಿರೋರಿಗೆ."

ಎರಡನೆಯ ಅಂಗಡಿಯಲ್ಲಿ ಸೀಸೆಯಿಂದ ಇಂಕು ಸುರಿದು ತುಂಬಿಸುವ ಟ್ಯಾಂಕಿನ ಪ್ರಿಂಟರು. ಬೆಲೆ ಇನ್ನೂ ಸ್ವಲ್ಪ ಜಾಸ್ತಿ, ಆದರೆ ಒಂದು ಸೀಸೆಗೆ ಸಾವಿರಾರು ಹಾಳೆ. ಮೂರನೆಯದರಲ್ಲಿ ಕಪ್ಪು ಬಣ್ಣದ ಲೇಸರ್ ಪ್ರಿಂಟರು, ತೂಕದಲ್ಲಿ ಕಲ್ಲು, ನೋಟದಲ್ಲೂ ಕಲ್ಲೇ. ಬೆಲೆ ಮೊದಲನೆಯದರ ಮೂರು ಪಟ್ಟು. ಹಾಳೆಯ ಖರ್ಚು ಟ್ಯಾಂಕಿನದಕ್ಕಿಂತ ನಾಲ್ಕು ಪಟ್ಟು. ಇಂಕಿನ ಬದಲು ಇದಕ್ಕೆ ಮಸಿಪುಡಿ, ಪೆಟ್ಟಿಗೆಯ ಜೊತೆ ಬರುವ ಅದರ ಡಬ್ಬಿ ಪೂರ್ತಿ ತುಂಬಿರುವುದಿಲ್ಲ ಎಂದು ಅಂಗಡಿಯವನೇ ಒಪ್ಪಿಕೊಂಡ. ಆ ಪ್ರಾಮಾಣಿಕತೆ ಹಿಡಿಸಿದರೂ ಆಕೆಯ ಲೆಕ್ಕಕ್ಕೆ ಅದು ಒಗ್ಗಲಿಲ್ಲ. ಮೂರೂ ಕಡೆ ಕಚೇರಿಯ ಖಾಲಿ ನಮೂನೆಯೊಂದನ್ನು ಮುದ್ರಿಸಿಕೊಂಡು ಚೀಲಕ್ಕೆ ಹಾಕಿಕೊಂಡಳು.

ಗುರುವಾರ ಸಂಜೆ ಟಿಪ್ಪಣಿ ಬರೆದಳು: ಟ್ಯಾಂಕಿನ ಪ್ರಿಂಟರೇ ಮಿತವ್ಯಯದ್ದು. ಮೂರೂ ಮಾದರಿಗಳನ್ನು ಲಗತ್ತಿಸಿ ಸಾಹೇಬರ ಮೇಜಿನ ಮೇಲಿಟ್ಟಳು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದ್ದಷ್ಟೇ ನೆನಪು. ಇಳಿಯುವ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದಕ್ಕೆ ಹೋಗಿಬಿಟ್ಟಿದ್ದಳು.

ಶುಕ್ರವಾರ ಕಿಟಕಿ ತೆರೆದಾಗ ಮೊದಲು ನಿಂತಿದ್ದವನು ಗಾರೆ ಕೆಲಸದವನು. ಮಂಗಳವಾರ ತನ್ನ ಹೆಂಡತಿಯ ಮರಣ ಪ್ರಮಾಣಪತ್ರ ಒಯ್ದಿದ್ದ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಹಕ್ಕಿಮರಿ ಇಳಿಸುವಂತೆ ಕಟ್ಟೆಯ ಮೇಲಿಟ್ಟ. ಆಕೆ ಬಿಡಿಸಿದಳು. ಸೀಲು ಹಾಗೇ ಇತ್ತು. ಸಹಿ ಹಾಗೇ ಇತ್ತು. ಮೃತರ ಹೆಸರಿದ್ದ ಕಡೆ ಮಾತ್ರ ಒಂದು ನೀಲಿಗಪ್ಪು ಮೋಡ.

"ಮಗಳ ಶಾಲೇಲಿ ಕೊಡಬೇಕಿತ್ತು ಮೇಡಂ. ಇದರಲ್ಲಿ ಯಾರು ಸತ್ತಿದಾರೆ ಅಂತಾನೇ ಇಲ್ಲ, ತಗೊಳಲ್ಲ ಅಂದ್ರು."

"ನೀರು ಬಿತ್ತಾ?"

"ಇಲ್ಲ. ಜೇಬಲ್ಲೇ ಇತ್ತು. ಕೆಲಸದಿಂದ ಹಂಗೇ ಹೋದೆ." ಅವನು ತಲೆ ತಗ್ಗಿಸಿದ. "ನಂದೇ ತಪ್ಪು. ನಂಗೆ ಬೆವರು ಜಾಸ್ತಿ."

ಆಕೆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ಮಂಗಳವಾರ ತಾನೇ ಮೇಲಿನ ಮಹಡಿಯಿಂದ ತಂದ ಹಾಳೆ. ತೆರಿಗೆ ವಿಭಾಗದ್ದೂ ಟ್ಯಾಂಕಿನ ಪ್ರಿಂಟರೇ ಎನ್ನುವುದು ಈಗ ಹೊಳೆಯಿತು. ಹಳೆಯ ಯಂತ್ರ ಹನ್ನೊಂದು ವರ್ಷ ಲಕ್ಷಗಟ್ಟಲೆ ಹಾಳೆ ಕೊಟ್ಟಿತ್ತು. ಒಬ್ಬರೂ ಹೀಗೆ ಮರಳಿ ಬಂದಿರಲಿಲ್ಲ. ಅದು ಲೇಸರ್.

"ನಿಮ್ಮ ತಪ್ಪಲ್ಲ," ಎಂದಳು. "ಬೆವರು ಎಲ್ಲರಿಗೂ ಬರುತ್ತೆ. ಬುಧವಾರದ ಹೊತ್ತಿಗೆ ಹೊಸ ಪ್ರಿಂಟರ್ ತರಿಸ್ತೀನಿ, ಆಗ ಬನ್ನಿ. ಬೇರೆ ಕೊಡ್ತೀನಿ, ದುಡ್ಡು ಕಟ್ಟೋದು ಬೇಡ."

ಅವನು ಹೋದ ಮೇಲೆ ಕಿಟಕಿಯನ್ನು ಟೈಪಿಸ್ಟಿಗೆ ಒಪ್ಪಿಸಿ ಸಾಹೇಬರ ಕೋಣೆಗೆ ನಡೆದಳು. ಅವರು ಆಕೆಯದೇ ಟಿಪ್ಪಣಿಗೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದರು.

"ಸರ್, ಒಂದು ನಿಮಿಷ. ಅದು ತಪ್ಪಾಗಿದೆ."

"ನಿನ್ನೆ ತಾನೇ ನೀವೇ ಬರೆದಿದ್ದು!"

"ನಿನ್ನೆ ಗೊತ್ತಿರಲಿಲ್ಲ."

ಮಾತಿನಲ್ಲಿ ವಿವರಿಸುವ ಶಕ್ತಿ ಆಕೆಗಿರಲಿಲ್ಲ. ಲಗತ್ತಿಸಿದ ಮೂರು ಮಾದರಿಗಳನ್ನು ಬಿಡಿಸಿಕೊಂಡು, ಮೇಜಿನ ಮೇಲಿದ್ದ ಸಾಹೇಬರ ನೀರಿನ ಲೋಟದಲ್ಲಿ ಒಂದೊಂದರ ಅಂಚನ್ನೂ ಅದ್ದಿ, ಹೆಬ್ಬೆರಳಿನಿಂದ ಒರೆಸಿದಳು. ಮೊದಲನೆಯದು ಹರಡಿತು. ಎರಡನೆಯದು ಕರಗಿ ಮೇಜಿನ ಗಾಜಿನ ಮೇಲೆಲ್ಲ ಇಳಿಯಿತು. ಮೂರನೆಯದರ ಅಕ್ಷರ ಜಪ್ಪಯ್ಯ ಎಂದರೂ ಕದಲಲಿಲ್ಲ.

ಸಾಹೇಬರು ಲೋಟವನ್ನೇ ನೋಡುತ್ತಿದ್ದರು. "ಅದು ನನ್ನ ಕುಡಿಯೋ ನೀರು ಕಣ್ರೀ."

"ಬೇರೆ ತಂದುಕೊಡ್ತೀನಿ ಸರ್."

"ಜನ ಏನು ಪ್ರಮಾಣಪತ್ರ ನೀರಲ್ಲಿ ಅದ್ದುತ್ತಾರಾ?"

"ಅದ್ದಲ್ಲ ಸರ್. ಬೆವರ್ತಾರೆ."

"ಒಂದು ಹಾಳೆಗೆ ನಾಲ್ಕು ಪಟ್ಟು ಅಂತ ನೀವೇ ತೋರಿಸಿದೀರಿ," ಎಂದರು ಸಾಹೇಬರು.

"ತೋರಿಸಿದೀನಿ. ಆದರೆ ಒಬ್ಬರಿಗೇ ಎರಡೆರಡು ಸಲ ಕೊಡೋ ಹಾಗಾದ್ರೆ? ಮತ್ತೆ ಅರ್ಜಿ, ಮತ್ತೆ ಹುಡುಕಾಟ, ಮತ್ತೆ ನಿಮ್ಮ ಸಹಿ. ಆ ಮನುಷ್ಯನ ಒಂದು ದಿನದ ಕೂಲಿ ಹೋಯ್ತು ಇವತ್ತು. ಅದನ್ನ ಟಿಪ್ಪಣಿಯ ಯಾವ ಕಾಲಮ್ಮಿನಲ್ಲಿ ತೋರಿಸ್ಲಿ?" ದನಿ ಏರಿದ್ದು ಆಕೆಗೇ ತಿಳಿದು ನಿಲ್ಲಿಸಿದಳು. "ಸಹಿ ನಾನೇ ಹಾಕ್ತೀನಿ ಸರ್. ಕೆಟ್ಟರೆ ನನ್ನನ್ನೇ ಕೇಳಿ. ಹೇಗಿದ್ರೂ ಕೇಳೋರು ನನ್ನನ್ನೇ ಕೇಳ್ತಾರೆ."

ಸಾಹೇಬರು ಕರವಸ್ತ್ರದಿಂದ ಗಾಜು ಒರೆಸಿದರು. ಕರವಸ್ತ್ರ ನೀಲಿಯಾಯಿತು. ಅದನ್ನು ಮಡಿಚಿ, ತಿರುಗಿಸಿ, ಮತ್ತೆ ನೋಡಿದರು.

"ಅದರಲ್ಲಿ ಕಲರ್ ಬರಲ್ಲ ಅಲ್ವಾ?"

"ಬರಲ್ಲ."

"ಹೂಂ," ಎಂದರು. "ಬೇರೆ ಟಿಪ್ಪಣಿ ಬರೆದು ತನ್ನಿ."

ಅಂದಿನಿಂದ ಮಂಗಳವಾರದವರೆಗೆ ಆಕೆ ಮೇಲಿನ ಮಹಡಿಗೆ ಹೋಗಲಿಲ್ಲ. "ಬುಧವಾರ ಬನ್ನಿ, ಗಟ್ಟಿಯಾದದ್ದು ಕೊಡ್ತೀವಿ" ಎಂದು ಕಿಟಕಿಯಲ್ಲಿ ಕೂತು ಹೇಳಿದಳು. ಕೆಲವರು ಒಪ್ಪಿದರು. ಹೆಚ್ಚಿನವರು ಬಾಯಿಗೆ ಬಂದಂತೆ ಬೈದರು. ಆಕೆ ಬೈಗುಳ ಕೇಳುತ್ತಲೇ ಅವರ ಅರ್ಜಿಯ ಸಂಖ್ಯೆ ಬರೆದುಕೊಂಡಳು.

ಬುಧವಾರ ಕಪ್ಪು ಕಲ್ಲು ಬಂತು. ಇಬ್ಬರು ಎತ್ತಿ ಇಳಿಸಿದರು. ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯಂತೆ ಗುಡುಗಿತು. "ಇಷ್ಟು ಸದ್ದಾ?" ಎಂದು ಟೈಪಿಸ್ಟ್ ಮೂಗು ಮುರಿದಳು. ಮೊದಲ ಹಾಳೆ ಬಿಸಿಬಿಸಿಯಾಗಿ ಹೊರಬಿತ್ತು. ಅದು ಗಾರೆ ಕೆಲಸದವನ ಹೆಂಡತಿಯದು. ಅವನು ಹೇಳಿದ ದಿನಕ್ಕೇ ಬಂದಿದ್ದ. ಆಕೆ ಮೇಜಿನ ಮೇಲಿದ್ದ ಒದ್ದೆ ಸ್ಪಂಜಿನಲ್ಲಿ ಬೆರಳು ಅದ್ದಿ ಹೆಸರಿನ ಮೇಲೆ ಉಜ್ಜಿ ತೋರಿಸಿದಳು. ಅವನಿಗೆ ನಂಬಿಕೆ ಸಾಲದೆ ತಾನೂ ಒಮ್ಮೆ ಉಜ್ಜಿದ.

"ಇನ್ನೊಂದು ಸಿಗುತ್ತಾ ಮೇಡಂ? ಶಾಲೆಗಲ್ಲ. ಮನೇಲಿ ಇಟ್ಕೊಳಕ್ಕೆ. ಅವಳ ಹೆಸರು ಅಚ್ಚಾಗಿರೋದು ಬೇರೆ ಎಲ್ಲೂ ಇಲ್ಲ."

ಆಕೆ ಇನ್ನೊಂದು ತೆಗೆದುಕೊಟ್ಟಳು.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಮೊದಲ ನಾಲ್ಕು ದಿನ ಸಿಕ್ಕ ಎರಡೆರಡು ಗಂಟೆಯಲ್ಲಿ ಮೇಲಿನಿಂದ ತಂದು ಹಂಚಿದ ಪ್ರಮಾಣಪತ್ರಗಳು ನೂರಾ ಅರವತ್ತಮೂರು. ಅವು ಯಾರ ಯಾರ ಜೇಬಿನಲ್ಲಿವೆಯೋ, ಯಾವ ಚೀಲದಲ್ಲಿವೆಯೋ. ಆಕೆ ಎಲ್ಲವನ್ನೂ ಮತ್ತೆ ಮುದ್ರಿಸಿ, ಅರ್ಜಿಯಲ್ಲಿದ್ದ ನಂಬರಿಗೆ ಒಂದೊಂದಾಗಿ ಫೋನ್ ಮಾಡತೊಡಗಿದಳು.

"ಯಾರೂ ಕೇಳದೆ ಇದೆಲ್ಲ ಯಾಕೆ ಅಕ್ಕಾ?" ಎಂದಳು ಟೈಪಿಸ್ಟ್.

"ಕೇಳೋಕೆ ಬರೋ ಹೊತ್ತಿಗೆ ಅವರ ಒಂದು ದಿನ ಹಾಳಾಗಿರುತ್ತೆ ಕಣೇ."

ಫೋನ್ ಮಾಡುವುದೂ ಸುಲಭದ ಕೆಲಸವಾಗಿರಲಿಲ್ಲ. ಒಬ್ಬರು ಮತ್ತೆ ದುಡ್ಡು ಕೀಳುವ ಉಪಾಯವೆಂದು ಜಗಳಕ್ಕೆ ಬಂದರು. ಒಬ್ಬ ಬಾಣಂತಿ "ನಮ್ಮ ಮಗೂನ ಲೆಕ್ಕದಿಂದ ತೆಗೆದುಬಿಟ್ರಾ?" ಎಂದು ಅಳತೊಡಗಿ, ಅವಳನ್ನು ಸಮಾಧಾನ ಮಾಡುವುದರಲ್ಲಿ ಊಟದ ಹೊತ್ತು ಮೀರಿತು. ಸಾಹೇಬರು ಎರಡು ಸಲ ಹಾದುಹೋದರು. ಒಳ್ಳೆಯದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ತಿಂಗಳಾಗುತ್ತ ಬಂತು. ಬಂದು ಒಯ್ದವರು ನೂರಾ ಹನ್ನೆರಡು ಜನ. ಉಳಿದವು ಹಸಿರು ದಾರ ಕಟ್ಟಿಸಿಕೊಂಡು ಆಕೆಯ ಮೇಜಿನ ಖಾನೆಯಲ್ಲಿದ್ದವು. ಈಗ ದಿನಾ ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು, ಮಂಡಿಯನ್ನು ಒಂದು ಸ್ಟೂಲಿನ ಮೇಲೆ ಚಾಚಿಕೊಂಡು, ಆಕೆ ಎರಡು ನಂಬರು ಒತ್ತುತ್ತಿದ್ದಳು. ಎರಡಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಆ ದಿನ ಮೊದಲನೆಯದು ಚಾಲ್ತಿಯಲ್ಲಿಲ್ಲ ಎಂದು ಬಂತು. ಎರಡನೆಯದು ಬಹಳ ಹೊತ್ತು ರಿಂಗಾಯಿತು. ಆಕೆ ರಿಸೀವರನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದಳು. ಆ ಕಡೆ ಯಾರೋ ಎತ್ತಿಕೊಂಡು "ಹಲೋ, ಯಾರು?" ಎಂದರು.

"ನೋಂದಣಿ ಕಚೇರಿಯಿಂದ," ಎಂದಳು ಕಣ್ಣು ತೆರೆಯದೆಯೇ. "ಗಾಬರಿ ಆಗ್ಬೇಡಿ. ನಿಮ್ಮದೊಂದು ಕಾಗದ ನನ್ನ ಹತ್ತಿರ ಇದೆ."